ಅರ್ಧ ಟೇಬಲಿನ ಬಾಡಿಗೆ

ಸಂತೆಯ ದಿನ ಬೆಳಕು ಹರಿಯುವ ಮೊದಲು ಅವಳಿಗೆ ಇಷ್ಟು ಕೆಲಸವಿರುತ್ತಿತ್ತು. ನಾಲ್ಕಕ್ಕೆ ಏಳುವುದು. ಗಂಡನ ಸ್ನಾನಕ್ಕೆ ನೀರು ಕಾಯಿಸಿಡುವುದು. ಅವನ ಅಂಗಿಗೆ ಇಸ್ತ್ರಿ ತಿಕ್ಕಿ, ಜೇಬಿನ ಮೇಲೆ ಕಾಲ್‌ಸೈನ್ ಬರೆದ ಬಿಲ್ಲೆಯನ್ನು ನೆಟ್ಟಗೆ ಚುಚ್ಚುವುದು. ಮಗಳಿಗೆ ತಿಂಡಿ ಮಾಡಿ ಮುಚ್ಚಿಟ್ಟು, ಗಂಡನ ಮಧ್ಯಾಹ್ನದ ಡಬ್ಬಿ ತುಂಬುವುದು. ಎರಡು ದೊಡ್ಡ ಪಾತ್ರೆ, ನೂರಿಪ್ಪತ್ತು ಲೋಟ, ಸಕ್ಕರೆ, ಚಹಾಪುಡಿ, ಸೋಸುವ ಬಟ್ಟೆ, ಪೊರಕೆ, ಫಿನಾಯಿಲು, ಎಲ್ಲವನ್ನೂ ಕೈಗಾಡಿಗೇರಿಸಿ ನಾಲ್ಕು ಬೀದಿ ದಾಟಿ ಸಭಾಂಗಣದವರೆಗೆ ತಳ್ಳುವುದು. ಕಾವಲುಗಾರನನ್ನು ಎಬ್ಬಿಸುವುದು, ಅವನು ಗೊಣಗಿದ್ದನ್ನು ಕೇಳಿಸಿಕೊಳ್ಳದಿರುವುದು. ಹಾಲ್ ಗುಡಿಸಿ, ಒರೆಸಿ, ನೆಲ ಒಣಗುವಷ್ಟರಲ್ಲಿ ಶೌಚಾಲಯ ತೊಳೆದು ಬರುವುದು. ಆಮೇಲೆ ಮಂಡಿಯೂರಿ, ಒಂದು ಕೈಯಲ್ಲಿ ದಾರ, ಇನ್ನೊಂದರಲ್ಲಿ ಸೀಮೆಸುಣ್ಣ ಹಿಡಿದು ನಲವತ್ತು ಟೇಬಲುಗಳ ಜಾಗಕ್ಕೆ ಗೆರೆ ಎಳೆಯುವುದು. ಟೇಬಲಿಗೆ ಆರಡಿ, ಜನ ಓಡಾಡಲು ನಾಲ್ಕಡಿ, ಪ್ರತಿ ಚೌಕದ ಮೂಲೆಯಲ್ಲಿ ಒಂದು ಸಂಖ್ಯೆ.

ಆರೂವರೆಗೆ ಕಾರ್ಯದರ್ಶಿ ಬರುತ್ತಿದ್ದ. ಕಾರ್ಯದರ್ಶಿ ಎಂದರೆ ಅವಳ ಗಂಡನೇ. ಬಾಗಿಲಲ್ಲಿ ನಿಂತು, ಒಂದು ಕಣ್ಣು ಮುಚ್ಚಿ ಗೆರೆಗಳನ್ನು ನೋಡಿ, "ಹದಿನೇಳು ಸ್ವಲ್ಪ ಸೊಟ್ಟ" ಎನ್ನುತ್ತಿದ್ದ. ಹದಿನೇಳು ಸೊಟ್ಟವಾಗಿರುತ್ತಿರಲಿಲ್ಲ. ಅವಳು ಒದ್ದೆ ಬಟ್ಟೆ ತಂದು ಅದನ್ನು ಅಳಿಸಿ, ಅದೇ ಜಾಗದಲ್ಲಿ ಅದೇ ಗೆರೆಯನ್ನು ಮತ್ತೆ ಎಳೆಯುತ್ತಿದ್ದಳು. "ಈಗ ನೋಡು, ಎಷ್ಟು ಚೆನ್ನಾಯ್ತು" ಎಂದು ಅವನು ಒಳಗೆ ಬರುತ್ತಿದ್ದ.

ವರ್ಷಕ್ಕೆ ಎರಡು ಸಲದಂತೆ ಇಪ್ಪತ್ತೆರಡು ವರ್ಷ ಹೀಗೆ ನಡೆಯಿತು.

ಅದು ಹ್ಯಾಮ್ ರೇಡಿಯೋದವರ ಸಂತೆ. ಮನೆಯ ಮೂಲೆಯಲ್ಲಿ ಯಂತ್ರ ಇಟ್ಟುಕೊಂಡು, ಪರೀಕ್ಷೆ ಪಾಸು ಮಾಡಿ ಪರವಾನಗಿಯನ್ನೂ ಕಾಲ್‌ಸೈನ್ ಎಂಬ ಗುರುತಿನ ಅಕ್ಷರಗಳನ್ನೂ ಪಡೆದು, ದೂರದೂರದ ಅಪರಿಚಿತರ ಜೊತೆ ಮಾತಾಡುವ ಹವ್ಯಾಸದವರು ಅವರು. ಹಳೆಯ ಸೆಟ್ಟು, ಮೀಟರು, ಮೈಕು, ವೈರಿನ ಉಂಡೆ, ಯಾವುದಕ್ಕೆ ಸೇರಿದ್ದೋ ತಿಳಿಯದ ಗುಂಡಿಗಳನ್ನು ತಂದು ಮಾರಿ, ಅಷ್ಟೇ ಹಳೆಯದನ್ನು ಕೊಂಡುಕೊಂಡು ಹೋಗುತ್ತಿದ್ದರು. "ಇವರ ಸಂತೇಲಿ ಕಸ ಕಡಿಮೆ ಆಗಲ್ಲ, ಮನೆ ಬದಲಾಯಿಸುತ್ತೆ ಅಷ್ಟೆ" ಎಂದು ಒಬ್ಬ ಸದಸ್ಯನ ಹೆಂಡತಿ ಅಂದದ್ದು ಕ್ಲಬ್ಬಿನಲ್ಲಿ ಬಹುಕಾಲ ಓಡಾಡಿತ್ತು.

ಮಾರುವವರು ಜಾಗಕ್ಕೆ ಬಾಡಿಗೆ ಕೊಡಬೇಕಿತ್ತು. ಸದಸ್ಯರಿಗೆ ಟೇಬಲಿಗೆ ನೂರು. ಹೊರಗಿನವರಿಗೆ ಮುನ್ನೂರು. ಅಂಗಡಿ ಇಟ್ಟುಕೊಂಡ ವ್ಯಾಪಾರಿಗಳಿಗೆ ಐನೂರು. ಗೋಡೆಯ ಪಕ್ಕ ಪ್ಲಗ್ಗು ಇರುವ ಜಾಗವಾದರೆ ಐವತ್ತು ಹೆಚ್ಚು. ಟೇಬಲೇ ಬೇಡ, ಹೊರಗೆ ಚಾವಣಿಯ ಕೆಳಗೆ ಚಾಪೆ ಹಾಸಿಕೊಳ್ಳುತ್ತೇನೆ ಎನ್ನುವವರಿಗೆ ನಲವತ್ತು. ಈ ಬೆಲೆಪಟ್ಟಿಯನ್ನು ದುಂಡಗೆ ಬರೆದು ಬಾಗಿಲಿಗೆ ಅಂಟಿಸುವ ಕೆಲಸವೂ ಅವಳದೇ. ಅವಳ ಅಕ್ಷರ ಅಚ್ಚಿನಂತಿತ್ತು.

ಯಾವ ಜಾಗ ಎಷ್ಟು ಬೆಲೆ ಬಾಳುತ್ತದೆ ಎಂಬುದು ಆ ನೆಲವನ್ನು ಮಂಡಿಯಲ್ಲಿ ಅಳೆದ ಅವಳಿಗೆ ಗೊತ್ತಿದ್ದಷ್ಟು ಸಮಿತಿಯವರಿಗೆ ಗೊತ್ತಿರಲಿಲ್ಲ. ಬಾಗಿಲ ಬಳಿಯ ಟೇಬಲಿಗೆ ಜನ ಮುಗಿಬೀಳುತ್ತಿದ್ದರು, ಆದರೆ ಅಲ್ಲಿ ಮಾರಾಟ ಕಡಿಮೆ. ಒಳಗೆ ಬರುವವರು ಮುಂದೆ ಇನ್ನೇನಿದೆಯೋ ಎಂಬ ಆತುರದಲ್ಲಿ ಅದನ್ನು ದಾಟಿಬಿಡುತ್ತಿದ್ದರು. ಮೂರನೇ ಸಾಲಿಗೆ ಬರುವ ಹೊತ್ತಿಗೆ ಕಾಲು ಸೋತು ನಿಧಾನವಾಗುತ್ತಿದ್ದರು. ವ್ಯಾಪಾರ ಕುದುರುತ್ತಿದ್ದುದು ಅಲ್ಲಿ. ಒಂದು ಸಂಜೆ ಪಾತ್ರೆ ತೊಳೆಯುತ್ತ ಇದನ್ನು ಗಂಡನಿಗೆ ಹೇಳಿದಳು. ಮುಂದಿನ ಸಭೆಯಲ್ಲಿ ಅವನು ಅದನ್ನು ಮಂಡಿಸಿದ. ಮೂರನೇ ಸಾಲಿನ ಬಾಡಿಗೆಗೆ ಇಪ್ಪತ್ತು ಸೇರಿಸಲಾಯಿತು. ಕಾರ್ಯದರ್ಶಿಯ ಸೂಕ್ಷ್ಮದೃಷ್ಟಿಯನ್ನು ಎಲ್ಲರೂ ಕೊಂಡಾಡಿದರು. ಹೊಸ ಪಟ್ಟಿಯನ್ನು ಅವಳು ಬರೆದಳು.

ಅವಳ ಸ್ವಂತದ್ದೆಂದು ಆ ಹಾಲಿನಲ್ಲಿ ಇದ್ದದ್ದು ಸುರುಳಿಗಳು. ರೇಡಿಯೋದ ಹೊಟ್ಟೆಯೊಳಗೆ ತಾಮ್ರದ ತಂತಿಯ ಸುರುಳಿ ಇರುತ್ತದೆ. ಗಾಳಿಯಲ್ಲಿ ಬರುವ ನೂರು ದನಿಗಳಲ್ಲಿ ಬೇಕಾದ ಒಂದನ್ನು ಹೆಕ್ಕಿ ಕೊಡುವುದು ಅದೇ. ಒಂದು ಸುತ್ತು ಹೆಚ್ಚು ಕಡಿಮೆಯಾದರೂ ದನಿ ತಪ್ಪುತ್ತದೆ. ಮದುವೆಯಾದ ಹೊಸದರಲ್ಲಿ ಗಂಡ ಸುತ್ತಿದ ತಂತಿ ಮೂರು ಸಲ ಸಡಿಲವಾಗಿ, ಅವನು ಸಿಟ್ಟಿನಿಂದ ಮೂಲೆಗೆಸೆದ. ಅವಳು ಅದನ್ನು ಬಿಡಿಸಿ, ಖಾಲಿ ಮಾತ್ರೆ ಡಬ್ಬಿಯೊಂದಕ್ಕೆ ಒಂದರ ಪಕ್ಕ ಒಂದು ಒತ್ತಿಕೊಂಡು ಕೂರುವಂತೆ ಮೂವತ್ತೆರಡು ಸುತ್ತು ಸುತ್ತಿಕೊಟ್ಟಳು. ಸೆಟ್ಟು ಹಾಡಿತು. "ಪರವಾಗಿಲ್ಲ" ಎಂದ ಅವನು. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ಅವಳು ಮುಂದೆಂದೂ ಕೇಳಲಿಲ್ಲ.

ಅಂದಿನಿಂದ ಮನೆಗೆಲಸದ ನಡುನಡುವೆ ಸುತ್ತಿದಳು. ಸುತ್ತುವಾಗ ಬಾಯೊಳಗೇ ಎಣಿಸಬೇಕು, ಮಾತಾಡುವಂತಿಲ್ಲ. ಗಂಡನಿಗೆ ತನ್ನ ಕನ್ನಡಕವೋ, ಟವೆಲೋ ಕಾಣದಾಗುತ್ತಿದ್ದುದು ಸರಿಯಾಗಿ ಅವಳು ಇಪ್ಪತ್ತೆಂಟನೇ ಸುತ್ತಿನಲ್ಲಿರುವಾಗ. ಉತ್ತರ ಕೊಟ್ಟರೆ ಲೆಕ್ಕ ತಪ್ಪುತ್ತಿತ್ತು, ಕೊಡದಿದ್ದರೆ ಮನೆಯ ಲಯ ತಪ್ಪುತ್ತಿತ್ತು. ಹಾಗಾಗಿ ಅವಳು ಎಲ್ಲ ಸುರುಳಿಗಳನ್ನೂ ಸರಾಸರಿ ಎರಡು ಸಲ ಸುತ್ತಿದಳು ಎನ್ನಬಹುದು. ಸಂತೆಗೆ ಬರುವವರು ಅವಳನ್ನು ಸುರುಳಿಯಮ್ಮ ಎಂದು ಕರೆಯತೊಡಗಿದರು. ಗಡಿಯಾರ ರಿಪೇರಿ ಮಾಡುವ ಒಬ್ಬ ಅಜ್ಜ ಅವಳ ಸುರುಳಿಯನ್ನು ಭೂತಗನ್ನಡಿಯಲ್ಲಿ ನೋಡಿ, "ಯಂತ್ರಕ್ಕೂ ಇಷ್ಟು ತಾಳ್ಮೆ ಇರಲ್ಲ ಕಣಮ್ಮ" ಎಂದಿದ್ದ. ಆ ಮಾತನ್ನು ಅವಳು ಎಷ್ಟೋ ದಿನ ಒಗೆಯುವ ಕಲ್ಲಿನ ಮುಂದೆ, ಒಲೆಯ ಮುಂದೆ ನೆನೆದು ನೆನೆದು ಸವೆಸಿದಳು.

ಸುರುಳಿಗಳಿಗೆ ಜಾಗ ಗಂಡನ ಟೇಬಲಿನ ಎಡಭಾಗದಲ್ಲಿತ್ತು. ಮೊದಲ ಸಂತೆಯ ಸಂಜೆಯೇ ಅವನು ನ್ಯಾಯವಾಗಿ ಹೇಳಿದ್ದ: "ನಿನ್ನ ಸುರುಳಿ ಅರ್ಧ ಟೇಬಲ್ ಹಿಡಿಯುತ್ತೆ. ಬಾಡಿಗೇಲಿ ಅರ್ಧ ನಿಂದು. ವ್ಯವಹಾರ ಅಂದ್ಮೇಲೆ ವ್ಯವಹಾರ." ಗೋಡೆ ಪಕ್ಕದ ಟೇಬಲು, ಪ್ಲಗ್ಗು ಸೇರಿ ನೂರೈವತ್ತು. ಕೊನೆಕೊನೆಗೆ ಅವಳ ಪಾಲು ಎಪ್ಪತ್ತೈದು. ಸುರುಳಿ ಮಾರಿ ಬಂದ ಇನ್ನೂರು, ಇನ್ನೂರೈವತ್ತರಲ್ಲಿ ಅದನ್ನು ಮೊದಲು ಎಣಿಸಿ ಅವನ ಕೈಗೆ ಕೊಡುತ್ತಿದ್ದಳು. ಅವನು ಜೇಬಿಗೆ ಹಾಕಿಕೊಂಡು ಕ್ಲಬ್ಬಿನ ಕೋಣೆಯ ಕಡೆ ಹೋಗುತ್ತಿದ್ದ. ಅವಳಿಗದು ಬೇಸರವೆನಿಸುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಹೆಮ್ಮೆಯೆನಿಸುತ್ತಿತ್ತು. ಆ ಸಂಸಾರದಲ್ಲಿ ಅವಳು ಬಾಡಿಗೆ ಕೊಟ್ಟು ನಿಂತ ಜಾಗ ಅದೊಂದೇ. ಮಿಕ್ಕ ಕಡೆಯೆಲ್ಲ ಅವಳು ಸುಮ್ಮನೆ ಇದ್ದವಳು.

ಚಳಿಗಾಲದ ಕೊನೆಯಲ್ಲಿ ಗಂಡ ಆಸ್ಪತ್ರೆ ಸೇರಿದ. ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದವನ ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಸಂತೆಗೆ ಇನ್ನೂ ಎರಡು ತಿಂಗಳಿತ್ತು. ಕೊನೆಯ ದಿನಗಳಲ್ಲಿ ಅವನಿಗೆ ದಿನದ ಲೆಕ್ಕ ತಪ್ಪಿತು.

"ಗೆರೆ ಎಳೆದ್ಯೇನೇ?" ಎಂದು ಕೇಳಿದ ಒಂದು ಮಧ್ಯಾಹ್ನ.

"ಎಳೆದೆ."

"ಹದಿನೇಳು?"

"ಸೊಟ್ಟ ಇಲ್ಲ. ನೀವು ನೋಡಿದ್ರಲ್ಲ."

"ಹಾಗಾದ್ರೆ ಸರಿ" ಎಂದು ಕಣ್ಣು ಮುಚ್ಚಿದ. ಅವಳು ಅವನ ಪಾದಗಳನ್ನು ಹೊದಿಕೆಯೊಳಗೆ ಸೇರಿಸಿ, ಹೊರಗೆ ಬಂದು, ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಳು. ಮದುವೆಯಾದ ಮೂವತ್ತೊಂದು ವರ್ಷದಲ್ಲಿ ಅವನು ಅವಳ ಗೆರೆ ಸರಿ ಎಂದು ಎರಡನೇ ಮಾತಿಲ್ಲದೆ ಒಪ್ಪಿದ್ದು ಅದೇ ಮೊದಲು.

ಸತ್ತ ಸದಸ್ಯನ ಮನೆಯವರಿಗೆ ಕ್ಲಬ್ಬಿನವರು ಒಂದು ಸಲ, ಒಂದೇ ಒಂದು ಸಲ, ಪುಕ್ಕಟೆ ಟೇಬಲು ಕೊಡುತ್ತಾರೆ. ಅದಕ್ಕೆ ಮೌನದ ಟೇಬಲು ಎಂದು ಹೆಸರು. ಆ ಟೇಬಲಿನ ಮುಂದೆ ಯಾರೂ ಚೌಕಾಸಿ ಮಾಡುವುದಿಲ್ಲ. ಬೆಲೆ ಕೇಳಿದವರು ಕೊಟ್ಟೇ ಹೋಗಬೇಕು. ತೀರಿಕೊಂಡವನಿಂದ ಕಡ ತಂದು ಮರೆತ ಸ್ಕ್ರೂಡ್ರೈವರು, ಪುಸ್ತಕಗಳನ್ನು ಜನ ತಲೆತಗ್ಗಿಸಿಕೊಂಡು ಬಂದು ಅದರ ಮೂಲೆಯಲ್ಲಿಟ್ಟು ಹೋಗುತ್ತಾರೆ. ಗಂಡನ ಸಾಮಾನೆಲ್ಲ ಒಂದೂವರೆ ಗಂಟೆಯಲ್ಲಿ ಖಾಲಿಯಾಯಿತು. ಹನ್ನೊಂದು ಸ್ಕ್ರೂಡ್ರೈವರು ಹಿಂದಿರುಗಿದವು. ಅವಳ ಸುರುಳಿಗಳಿಗೆ ಮಾತ್ರ ಆ ಟೇಬಲಿನಲ್ಲಿ ಜಾಗವಿರಲಿಲ್ಲ, ಸತ್ತವರ ವಸ್ತುಗಳನ್ನು ಬಿಟ್ಟು ಬೇರೇನೂ ಇಡುವಂತಿಲ್ಲ ಎಂಬುದು ಪದ್ಧತಿ. ಚೀಲವನ್ನು ಕಾಲ ಬುಡದಲ್ಲಿಟ್ಟುಕೊಂಡಿದ್ದಳು. ಗಡಿಯಾರದ ಅಜ್ಜ ಬಂದು ಕೇಳಿದಾಗ ಕಳ್ಳಮಾಲಿನಂತೆ ಕೆಳಗಿನಿಂದಲೇ ಎರಡು ಸುರುಳಿ ದಾಟಿಸಿದಳು. ನಡುನಡುವೆ ಎದ್ದು ಹೋಗಿ ಚಹಾ ಸೋಸಿದಳು. ಅಂದೂ ಹಾಲ್ ಗುಡಿಸಿದವಳು, ಗೆರೆ ಎಳೆದವಳು ಅವಳೇ. ಬೇರೆ ಯಾರು ಮಾಡುತ್ತಾರೆ ಎಂದು ಯಾರೂ ಕೇಳಲಿಲ್ಲ, ಅವಳಿಗೂ ಹೊಳೆಯಲಿಲ್ಲ.

ಮುಂದಿನ ಸಂತೆ ಹತ್ತಿರ ಬಂದಾಗ ಅವಳಿಗೆ ಚಿಂತೆ ಹತ್ತಿತು. ಪರವಾನಗಿ ಇಲ್ಲದ ಅವಳು ಸದಸ್ಯಳಾಗುವಂತಿರಲಿಲ್ಲ. ಪರೀಕ್ಷೆಗೆ ಗಂಡ ಓದುವಾಗ ಸಾರು ಕುದಿಸುತ್ತ ಪುಸ್ತಕ ಹಿಡಿದು ಪ್ರಶ್ನೆ ಕೇಳಿದವಳು ಅವಳು. ಅವನು ಎರಡು ಸಲ ಫೇಲಾಗಿ ಮೂರನೇ ಸಲ ಪಾಸಾಗುವಷ್ಟರಲ್ಲಿ ಇವಳಿಗೆ ಉತ್ತರಗಳೆಲ್ಲ ಬಾಯಿಗೆ ಬಂದಿದ್ದವು. ಆದರೆ ಅವಳೂ ಪರೀಕ್ಷೆಗೆ ಕೂರಬಹುದೆಂದು ಯಾರಿಗೂ ಅನ್ನಿಸಲಿಲ್ಲ. ಈಗ ಅವಳು ಹೊರಗಿನವಳು. ಟೇಬಲಿಗೆ ಮುನ್ನೂರು. ನಲವತ್ತಕ್ಕೆ ಹೊರಗೆ ಚಾಪೆ ಹಾಸಬಹುದಿತ್ತು, ಆದರೆ ಇಪ್ಪತ್ತೆರಡು ವರ್ಷ ಟೇಬಲಿನ ಹಿಂದೆ ನಿಂತವಳಿಗೆ ನೆಲದಲ್ಲಿ ಕೂರುವ ಮನಸ್ಸಿರಲಿಲ್ಲ. ಸುರುಳಿ ಎಲ್ಲ ಮಾರಿದರೂ ಇನ್ನೂರ ಎಂಬತ್ತು ದಾಟುತ್ತಿರಲಿಲ್ಲ. ಕೈಯಲ್ಲಿ ಸುತ್ತಿದ ಸುರುಳಿ ಬೇಕೆನ್ನುವವರು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿದ್ದರು. ಗಂಡನ ಪಿಂಚಣಿಯ ಅರ್ಧದಲ್ಲಿ ಬದುಕುವವಳಿಗೆ ಕೈಯಿಂದ ಹಾಕಿ ಸಂತೆ ಮಾಡುವ ಶಕ್ತಿಯಿರಲಿಲ್ಲ. ಹೋಗದಿದ್ದರೆ, ಸುರುಳಿಯಮ್ಮ ಎಂದು ಕರೆಯುವವರು ಇನ್ನೆಲ್ಲೂ ಇರಲಿಲ್ಲ.

ಹೊಸ ಕಾರ್ಯದರ್ಶಿ ಒಂದು ಗುರುವಾರ ಮನೆಗೆ ಬಂದ. ಒಳ್ಳೆಯ ಹುಡುಗ, ಮೂವತ್ತೈದರ ಹರೆಯ, ಎಲ್ಲವೂ ಬರಹದಲ್ಲಿರಬೇಕು ಎನ್ನುವವನು. ಕೈಯಲ್ಲಿ ಹೊಸ ಬೆಲೆಪಟ್ಟಿಯ ಕರಡು.

"ಅಮ್ಮಾ, ನಿಮ್ಮ ಅಕ್ಷರ ಇಲ್ದಿದ್ರೆ ಪಟ್ಟಿ ಪಟ್ಟಿ ಅನ್ಸೋದೇ ಇಲ್ಲ. ಸೋಮವಾರ ಸಂಜೆಯೊಳಗೆ ಒಂದು ಬರೆದುಕೊಡ್ತೀರಾ?"

ಅವಳು ಕೈ ಒರೆಸಿಕೊಂಡು ಓದಿದಳು. ಸದಸ್ಯರು, ಹೊರಗಿನವರು, ವ್ಯಾಪಾರಿಗಳು, ಪ್ಲಗ್ಗು, ಮೂರನೇ ಸಾಲು, ಚಾಪೆ. ಈ ಆರೂ ಅವಳಿಗೆ ಕಂಠಪಾಠ. ಏಳನೆಯದು ಹೊಸತು. ದಿವಂಗತ ಕಾರ್ಯದರ್ಶಿಯವರ ಸ್ಮಾರಕ ಸೇವಾ ಟೇಬಲು, ಎಂದು ಶುರುವಾಗಿ ಗಂಡನ ಕಾಲ್‌ಸೈನ್ ಇತ್ತು. ಅದರ ಕೆಳಗೆ: ಸಂತೆಯ ಸ್ವಚ್ಛತೆ, ಗೆರೆ, ಚಹಾ ನೋಡಿಕೊಳ್ಳುವ ಮನೆಯವರಿಗೆ, ಇಪ್ಪತ್ತೆರಡು ವರ್ಷದ ರೂಢಿಯಂತೆ, ಶುಲ್ಕವಿಲ್ಲ.

"ರೂಢಿಯಂತೆ ಅಂದ್ರೆ?" ಎಂದಳು.

"ಹಳೇ ನಡಾವಳಿ ಪುಸ್ತಕ ನೋಡ್ದೆ. ಮೊದಲನೇ ವರ್ಷಾನೇ ಠರಾವು ಆಗಿದೆ. ಕಾರ್ಯದರ್ಶಿಗಳ ಮನೆಯವರು ಈ ಕೆಲಸ ಎಲ್ಲ ಮಾಡ್ತಾರೆ, ಅದಕ್ಕೆ ಅವರ ಟೇಬಲಿಗೆ ದುಡ್ಡು ಬೇಡ ಅಂತ. ಬಾಯಿಮಾತಲ್ಲೇ ನಡ್ಕೊಂಡು ಬಂದಿತ್ತು. ನಾನು ಪಟ್ಟಿಗೆ ಹಾಕಿಬಿಡೋಣ ಅಂದೆ."

"ಅವರು ಟೇಬಲಿಗೆ ದುಡ್ಡು ಕಟ್ತಿದ್ರು."

"ಇಲ್ಲಮ್ಮ."

"ನೂರೈವತ್ತು. ಪ್ಲಗ್ಗು ಸೇರಿ."

ಹುಡುಗ ನಕ್ಕ. ಅವಳು ತಮಾಷೆ ಮಾಡುತ್ತಿದ್ದಾಳೆಂದುಕೊಂಡ. ಆಮೇಲೆ ಮುಖ ನೋಡಿ ನಗು ನಿಲ್ಲಿಸಿದ. "ಯಾವತ್ತೂ ಕಟ್ಟಿಲ್ಲಮ್ಮ. ಕಟ್ಟೋ ಹಾಗೇ ಇರ್ಲಿಲ್ಲ" ಎಂದ ಮೆಲ್ಲಗೆ. ಏನೋ ತಪ್ಪಾಯಿತೆಂದು ಅವನಿಗೆ ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ. ಟೇಬಲಿಗಾಗಿ ತುಂಬಿಸುವ ಅರ್ಜಿಯ ಹಾಳೆಯೊಂದನ್ನೂ ಮೇಜಿನ ಮೇಲಿಟ್ಟು ಎದ್ದ. "ನೀವೇನೂ ಯೋಚ್ನೆ ಮಾಡ್ಬೇಡಿ. ಎಂದಿನ ಹಾಗೆ ಚಹಾ, ಗೆರೆ ನೋಡ್ಕೊಳ್ಳಿ. ಟೇಬಲ್ ನಿಮ್ಮದೇ. ಸುರುಳಿ ಇಟ್ಕೊಳ್ಳಿ. ಒಂದು ಹಿತ್ತಾಳೆ ಫಲಕ ಮಾಡಿಸಿದೀವಿ, ನಿಮ್ಮ ಮಗಳು ಅನಾವರಣ ಮಾಡ್ತಾರೆ. ನಿಮಗೆ ಹೇಳಿರ್ಬೇಕಲ್ಲ?"

ಅವನು ಹೋದ ಮೇಲೆ ಅವಳು ಅನ್ನಕ್ಕಿಟ್ಟಳು. ಅನ್ನ ಬೇಯುವವರೆಗೆ ಒಲೆಯ ಮುಂದೆ ನಿಂತೇ ಇದ್ದಳು. ಮೌನದ ಟೇಬಲಿನದೊಂದನ್ನು ಬಿಟ್ಟರೆ ನಲವತ್ತಮೂರು ಸಂತೆ. ಅವನು ಕ್ಲಬ್ಬಿನ ಕೋಣೆಯ ಕಡೆ ನಡೆದುಹೋಗುತ್ತಿದ್ದ ಬೆನ್ನು ಕಣ್ಣ ಮುಂದೆ ಬಂತು. ಬಾಡಿಗೆ ಏರಿದ ವರ್ಷ ಊಟಕ್ಕೆ ಕೂತಾಗ, "ಈ ಸಲದಿಂದ ಎಪ್ಪತ್ತಲ್ಲ, ಎಪ್ಪತ್ತೈದು ಕಣೇ" ಎಂದು ತುತ್ತು ಕೈಯಲ್ಲಿ ಹಿಡಿದು ಹೇಳಿದ್ದು ನೆನಪಾಯಿತು. ಎಷ್ಟು ಸಹಜವಾಗಿ ಹೇಳಿದ್ದ.

ಪಕ್ಕದ ಇಸ್ತ್ರಿ ಅಂಗಡಿಯವಳು ಅವಳ ಗೆಳತಿ. ಮರುದಿನ ಅವಳೆದುರು ಬಾಯಿಬಿಟ್ಟಳು. ಗೆಳತಿ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಸೊಂಟಕ್ಕೆ ಕೈಕೊಟ್ಟಳು.

"ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ನಿನ್ನ ವಿಷಯದಲ್ಲಿ ಕೈ ನಿಂದು, ಬಾಯಿ ಅವಂದು, ಮೇಲಿಂದ ಮೊಸರಿಗೆ ನೀನೇ ದುಡ್ಡು ಬೇರೆ ಕೊಟ್ಟಿದೀಯ."

"ಸುಮ್ನಿರೇ."

"ನನ್ನ ಗಂಡ ಕುಡಿದು ಬಂದು ಕಿತ್ಕೊಳ್ತಿದ್ದ. ನಿನ್ನವನು ಲೆಕ್ಕ ಹೇಳಿ ಕಿತ್ಕೊಂಡ. ಓದಿದವರ ಮನೆ ನೋಡು, ಎಲ್ಲ ಪದ್ಧತಿ ಪ್ರಕಾರ."

"ಸತ್ತವರ ಬಗ್ಗೆ ಹಾಗನ್ನಬಾರದು."

"ಬದುಕಿದ್ದಾಗ ಅನ್ನೋಕೆ ಬಿಟ್ಟಿದ್ಯಾ?"

ಅವಳು ನಕ್ಕಳು, ನಗುವಾಗಲೇ ಕಣ್ಣಲ್ಲಿ ನೀರು ಬಂತು. ಗೆಳತಿ ಒಂದು ದಿಂಬಿನ ಹೊದಿಕೆ ತೆಗೆದು ಅವಳ ಕೈಗಿಟ್ಟು, "ಒರೆಸ್ಕೋ. ಗಿರಾಕೀದು, ಪರವಾಗಿಲ್ಲ, ಮತ್ತೆ ತಿಕ್ಕೋದೇ ತಾನೆ" ಎಂದಳು. ಇಸ್ತ್ರಿಪೆಟ್ಟಿಗೆಯನ್ನು ಮತ್ತೆ ಎತ್ತಿಕೊಂಡು ಕೇಳಿದಳು: "ಅಲ್ಲ, ಅಷ್ಟು ಚಿಲ್ಲರೆ ದುಡ್ಡಲ್ಲಿ ಏನು ಮಾಡ್ತಿದ್ದ?"

ಅದೇ ಅವಳಿಗೂ ಅರ್ಥವಾಗದ್ದು. ಅವನಿಗೆ ದುಡ್ಡಿನ ಆಸೆ ಇರಲಿಲ್ಲ. ಸಂಬಳವನ್ನು ಹಾಗೇ ತಂದು ಕೊಡುತ್ತಿದ್ದ. ಸಂತೆಯ ಸಂಜೆ ಎಷ್ಟೋ ಸಲ ಮಗಳಿಗೆ ಬಿಸ್ಕತ್ತು, ಅವಳಿಗೇ ಕಾಲುನೋವಿನ ಮುಲಾಮು ತಂದದ್ದೂ ಉಂಟು. ತನ್ನ ಎಪ್ಪತ್ತೈದರಲ್ಲೇ ಆ ಮುಲಾಮು ಬಂದಿರಬಹುದು. ಎರಡು ದಿನ ಬಟ್ಟೆ ಒಗೆಯುತ್ತ, ಪಾತ್ರೆ ತಿಕ್ಕುತ್ತ ಯೋಚಿಸಿ ಅವಳು ಒಂದು ತೀರ್ಮಾನಕ್ಕೆ ಬಂದಳು. ಅವಳಿಂದ ಅರ್ಧ ಬಾಡಿಗೆ ತೆಗೆದುಕೊಂಡರೆ ಟೇಬಲು ಅವನದಾಗುತ್ತಿತ್ತು, ಅವಳು ಅದರಲ್ಲಿ ಬಾಡಿಗೆಗಿದ್ದವಳು. ತೆಗೆದುಕೊಳ್ಳದೆ ಹೋದರೆ ಟೇಬಲು ಅವಳ ಪೊರಕೆಯಿಂದ ಬಂದದ್ದು, ಅವನು ಅವಳ ಜಾಗದಲ್ಲಿ ನಿಂತವನು. ಅಷ್ಟು ಜನ ಗಂಡಸರ ನಡುವೆ, ಬಿಲ್ಲೆ ಚುಚ್ಚಿಕೊಂಡು, ಹಾಗೆ ನಿಲ್ಲಲು ಅವನಿಂದಾಗಿರಲಿಲ್ಲ.

ಇದು ಅರ್ಥವಾದ ಮೇಲೆ ಸಿಟ್ಟು ಬರಬಹುದೆಂದು ಕಾದಳು. ಬಂದದ್ದು ದುಃಖ. ಒಂದು ಮಾತು ಹೇಳಿದ್ದರೆ ಅವಳು ಯಾರ ಮುಂದೆಯೂ ಬಾಯಿಬಿಡುತ್ತಿರಲಿಲ್ಲ. ಇಡೀ ಟೇಬಲಿನ ಬಾಡಿಗೆ ಕೇಳಿದ್ದರೂ ಕೊಡುತ್ತಿದ್ದಳು.

ಭಾನುವಾರ ಮಗಳು ಬಂದಳು. ಅದೇ ಊರಿನ ಇನ್ನೊಂದು ತುದಿಯಲ್ಲಿ ಅವಳ ಸಂಸಾರ, ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಕೈಚೀಲದಿಂದ ಮಡಿಸಿದ ಹಾಳೆ ತೆಗೆದು ಮಂಚದ ಮೇಲೆ ಕಾಲು ಮಡಚಿ ಕೂತಳು.

"ಅಮ್ಮಾ, ಭಾಷಣ ಬರೆದಿದೀನಿ, ಕೇಳು. ನಮ್ಮ ತಂದೆ ಇಪ್ಪತ್ತೆರಡು ವರ್ಷ, ಬಿಡಿಗಾಸು ಮುಟ್ಟದೆ, ಈ ಸಂತೆಯ ಸೇವೆ ಮಾಡಿದರು…"

ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. "ಎರಡನೇ ಡ್ರಾಯರಲ್ಲಿದೆ ರೀ. ಅದಲ್ಲ, ಅದರ ಕೆಳಗಿಂದು. ಬಲಗಡೆ. ರೀ, ಬಲಗಡೆ. ಬಿಡಿ, ಮಗೂಗೆ ಬರೀ ಟವೆಲ್ ಸುತ್ತಿ, ಬಂದು ನಾನೇ ಹುಡುಕ್ತೀನಿ." ಫೋನಿಟ್ಟು ಮತ್ತೆ ಹಾಳೆ ಎತ್ತಿದಳು. "ಎಲ್ಲಿದ್ದೆ? ಹಾಂ, ಸೇವೆ."

"ಹಾಲ್ ಗುಡಿಸಿದ್ದು ಯಾರೇ?" ಎಂದಳು ತಾಯಿ.

"ನೀನೇ. ನಂಗೊತ್ತಿಲ್ವಾ? ಲೋಟ ತೊಳೆಯೋಕೆ ನಾನೂ ಬರ್ತಿದ್ದೆ."

"ಗೆರೆ?"

"ನೀನೇ. ಯಾಕಮ್ಮ ಹೀಗೆ ಕೇಳ್ತೀಯ? ಅಪ್ಪನ ಪರವಾಗಿ ತಾನೇ ನೀನು ಮಾಡ್ತಿದ್ದಿದ್ದು?"

ತಾಯಿಯ ನಾಲಿಗೆಯ ತುದಿಗೆ ಆ ಎಪ್ಪತ್ತೈದು ಬಂದು ನಿಂತಿತು. ಮಗಳು ಹಾಳೆಯನ್ನು ಮಡಿಲಲ್ಲಿ ಸವರುತ್ತಿದ್ದಳು. ಕಣ್ಣು ತುಂಬಿತ್ತು. "ಲ್ಯಾಬಲ್ಲಿ ಅಪ್ಪನ ವಯಸ್ಸಿನವರು ಬಂದು ಕೈ ಚಾಚಿದಾಗ ನಂಗೆ ಸೂಜಿ ಹಿಡಿಯೋಕೇ ಆಗಲ್ಲಮ್ಮ. ಆ ಫಲಕ ಒಂದು ಹಾಕಿಬಿಟ್ರೆ ಅಪ್ಪ ಎಲ್ಲೋ ಒಂದು ಕಡೆ ಇದಾರೆ ಅಂತ ಆಗುತ್ತೆ. ಅಷ್ಟು ಸಾಕು ನಂಗೆ."

"ಚೆನ್ನಾಗಿದೆ ಭಾಷಣ" ಎಂದಳು ತಾಯಿ. "ಬಿಡಿಗಾಸು ಅನ್ನೋದು ಬಿಡು. ಸುಮ್ನೆ ಸೇವೆ ಅಂದ್ರೆ ಸಾಕು."

"ಯಾಕೆ?"

"ಸೇವೆ ಅಂದ್ಮೇಲೆ ಅದು ಗೊತ್ತಿರೋದೇ ಅಲ್ವಾ?"

ಮಗಳು ಪೆನ್ನು ತೆಗೆದು ಆ ಮಾತನ್ನು ಹೊಡೆದುಹಾಕಿದಳು.

ಸೋಮವಾರ ಮಧ್ಯಾಹ್ನ ಅವಳು ಊಟದ ಮೇಜನ್ನು ಒರೆಸಿ, ದಪ್ಪ ಹಾಳೆ ಹಾಸಿ, ಅಡಿಕೋಲು ಇಟ್ಟು ಬರೆಯಲು ಕೂತಳು. ಮನೆಯಲ್ಲಿ ಯಾರೂ ಇರಲಿಲ್ಲ. ಪಕ್ಕದಲ್ಲಿ ಇಸ್ತ್ರಿಪೆಟ್ಟಿಗೆ ಕುಟ್ಟುವ ಸದ್ದು ಮಾತ್ರ ಇತ್ತು. ಕರಡನ್ನು ಎಡಕ್ಕೆ, ತುಂಬಿಸಬೇಕಾದ ಅರ್ಜಿಯನ್ನು ಬಲಕ್ಕೆ ಇಟ್ಟುಕೊಂಡಳು. ಆರು ಸಾಲು ಕೈ ತಾನಾಗಿಯೇ ಬರೆಯಿತು. ಏಳನೆಯದಕ್ಕೆ ಬಂದು ನಿಂತಿತು.

ಬಿಟ್ಟುಬಿಡಬಹುದು. ಬರೆಯುವಾಗ ತಪ್ಪಿಹೋಯಿತು ಎಂದರೆ ಆ ಹುಡುಗ ನಂಬುತ್ತಾನೆ. ಅಥವಾ ಸತ್ಯವನ್ನೇ ಬರೆಯಬಹುದು. ಹೀಗೆ ಹೀಗೆ, ಇಂಥವಳು ಗುಡಿಸಿದ ನೆಲಕ್ಕೆ ಇಂಥವಳ ಟೇಬಲು ಎಂದು. ಯಾರೂ ಅಲ್ಲಗಳೆಯುವಂತಿಲ್ಲ, ನಡಾವಳಿ ಪುಸ್ತಕವಿದೆ. ಹಾಗೆ ಬರೆದ ಪಟ್ಟಿಯನ್ನು ಬಾಗಿಲಲ್ಲಿ ಮೊದಲು ಓದುವವಳು ಭಾಷಣದ ಹಾಳೆ ಹಿಡಿದು ಬಂದ ಮಗಳು. ಇಲ್ಲವೇ ಇದ್ದುದನ್ನು ಇದ್ದಂತೆ ಬರೆದು, ನಾಲ್ಕಕ್ಕೆ ಎದ್ದು, ಹಿತ್ತಾಳೆಯ ಫಲಕದ ಪಕ್ಕ ಪುಕ್ಕಟೆ ಕೂತು ಸುರುಳಿ ಮಾರಬಹುದು. ಲಾಭ ಅದರಲ್ಲೇ ಇತ್ತು. ಇನ್ನೂರ ಎಂಬತ್ತೂ ಕೈಗೆ ಉಳಿಯುತ್ತಿತ್ತು, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ.

ಅವಳು ಎದ್ದು ನೀರು ಕುಡಿದು ಬಂದಳು. ಮತ್ತೆ ಕೂತಳು.

ದಿವಂಗತ ಕಾರ್ಯದರ್ಶಿಯವರ, ಎಂದು ಬರೆದಳು. ಕಾಲ್‌ಸೈನನ್ನು ಬೇರೆ ಅಕ್ಷರಗಳಿಗಿಂತ ತುಸು ದಪ್ಪವಾಗಿ, ಅವನು ಇಷ್ಟಪಡುತ್ತಿದ್ದಂತೆ ಬರೆದಳು. ಸ್ಮಾರಕ ಸೇವಾ ಟೇಬಲು. ಸಂತೆಯ ಸ್ವಚ್ಛತೆ, ಗೆರೆ, ಚಹಾ ನೋಡಿಕೊಳ್ಳುವ ಮನೆಯವರಿಗೆ, ಇಪ್ಪತ್ತೆರಡು ವರ್ಷದ ರೂಢಿಯಂತೆ, ಶುಲ್ಕವಿಲ್ಲ. ಒಂದು ಮಾತನ್ನೂ ಬಿಡಲಿಲ್ಲ, ಸೇರಿಸಲೂ ಇಲ್ಲ. ಆ ಟೇಬಲು ಅವನಿಗೆ ಅಷ್ಟೊಂದು ಬೇಕಾಗಿತ್ತು, ಇರಲಿ. ಅದರ ಕೆಲಸ ಮಾಡುವ ಮನೆಯವರು ಯಾರೆಂಬುದನ್ನು ಕ್ಲಬ್ಬಿನವರು ಹುಡುಕಿಕೊಳ್ಳಲಿ.

ಆಮೇಲೆ ಅರ್ಜಿಯನ್ನು ಎಳೆದುಕೊಂಡಳು. ಕಾಲ್‌ಸೈನ್ ಎಂಬಲ್ಲಿ ಅಡ್ಡಗೆರೆ ಹಾಕಿದಳು. ಸದಸ್ಯರು ಎಂಬ ಚೌಕವನ್ನು ದಾಟಿ, ಸೇವೆ ಎಂಬ ಹೊಸ ಚೌಕದ ಮೇಲೆ ಒಯ್ದ ಪೆನ್ನನ್ನು ಎತ್ತಿ, ಹೊರಗಿನವರು ಎಂಬಲ್ಲಿ ಗುರುತು ಮಾಡಿದಳು. ಈ ತಿಂಗಳ ಗ್ಯಾಸಿಗೆಂದು ಎತ್ತಿಟ್ಟಿದ್ದರಲ್ಲಿ ಮುನ್ನೂರು ಎಣಿಸಿ ಲಕೋಟೆಯೊಳಗೆ ಹಾಕಿದಳು. ಸುರುಳಿ ಒಂದೂ ಉಳಿಯದೆ ಮಾರಾಟವಾದರೂ ಇಪ್ಪತ್ತು ನಷ್ಟ. ಅಷ್ಟೂ ಮಾರಾಟವಾಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಮುಂದಿನ ಸಂತೆಗೆ ಇಷ್ಟು ಹೊಂದಿಸಲಾಗದು ಎಂಬುದೂ ಗೊತ್ತಿತ್ತು.

ಲಕೋಟೆಯ ಅಂಚಿಗೆ ಅಂಟು ಸವರಿ ಮಡಿಸಿದಳು. ಒಣಗುವ ಮೊದಲೇ ಮನಸ್ಸು ಬದಲಾದೀತೆಂದು ಹೆದರಿ, ಎರಡೂ ಅಂಗೈಗಳನ್ನು ಅದರ ಮೇಲೆ ಒತ್ತಿ ಹಿಡಿದುಕೊಂಡು ಕೂತಳು.